ಹತ್ತು ಸಲದ ಪ್ರಾರ್ಥನೆ

ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು. ಅವಳ ಕತ್ತರಿ ನನ್ನ ಪೆಟ್ಟಿಗೆಯಲ್ಲಿದೆ. ಯಾರಿಗಾದರೂ ಕೊಡಬೇಕು, ಇನ್ನೂ ಮನಸ್ಸಾಗಿಲ್ಲ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವಳು ಹೊನ್ನಾಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಾನು ಅವಳ ಜೊತೆಗಿದ್ದು ಅಡುಗೆ ಮಾಡುತ್ತಿದ್ದೆ, ಹಳ್ಳಿಗಳಿಗೆ ಹೆರಿಗೆಗೆ ಹೊರಟಾಗ ಚೀಲ ಹಿಡಿದು ಹೋಗುತ್ತಿದ್ದೆ. ಮಿಷನ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಬಂದ ದಿನವೇ ಅವಳು ಅಪ್ಪನಿಗೆ, "ಮದುವೆ ಮಾತು ಬಿಡ್ರಿ ಅಪ್ಪ, ಸ್ವಾಮಿ ನನಗೆ ಕೆಲಸ ಕೊಟ್ಟಾನೆ" ಎಂದಿದ್ದಳು. ಒಂದು ವಾರದ ಮೇಲೆ ಅಪ್ಪ ತಾನೇ ಹೋಗಿ ಅವಳಿಗೆ ಗಟ್ಟಿ ಚಪ್ಪಲಿ ಹೊಲಿಸಿಕೊಂಡು ಬಂದ.

ಹಳ್ಳಿಯ ಮನೆಗಳಲ್ಲಿ ಗಡಿಯಾರ ಇರುತ್ತಿರಲಿಲ್ಲ, ನಮ್ಮದು ಕೆಟ್ಟಿತ್ತು. ಹೊಕ್ಕುಳಬಳ್ಳಿಯ ಕತ್ತರಿ, ದಾರ ಹಾಕಿದ ನೀರು ಕುದಿಯತೊಡಗಿದ ಮೇಲೆ ಅಕ್ಕ ಒಲೆಯ ಮುಂದೆ ನಿಂತು, "ಸ್ವಾಮೀ, ಈ ಕೈ ನಿನ್ನದು" ಎಂದು ಶುರುವಾಗುವ ತನ್ನದೇ ಒಂದು ಪ್ರಾರ್ಥನೆಯನ್ನು ನಿಧಾನವಾಗಿ ಹತ್ತು ಸಲ ಹೇಳುತ್ತಿದ್ದಳು. ಹತ್ತು ಮುಗಿದರೆ ಕತ್ತರಿ ಸಿದ್ಧ. ಸಾಸ್ವೆಹಳ್ಳಿಯ ಸೂಲಗಿತ್ತಿ ಅಜ್ಜಿ ಪಕ್ಕದಲ್ಲಿ ನಿಂತು ಕೇಳಿ ಕೇಳಿ ಅದನ್ನು ಬಾಯಿಪಾಠ ಮಾಡಿಕೊಂಡಳು. ಅಕ್ಕನಿಗೆ ಸಂತೋಷವೋ ಸಂತೋಷ. ಅಜ್ಜಿಗೆ ಒಂದು ಕತ್ತರಿಯನ್ನೂ ಕೊಟ್ಟಳು.

ಒಂದು ಮಳೆಗಾಲ ಆ ಊರಿನ ರೈತರೊಬ್ಬರ ಮನೆಯಿಂದ ಗಾಡಿ ಬಂತು. ಸೊಸೆಗೆ ಚೊಚ್ಚಲ ಹೆರಿಗೆ. ದಾರಿಯಲ್ಲಿ ಹಳ್ಳ ತುಂಬಿ ಗಾಡಿ ನಿಂತಿತು. ನಾವು ತಲುಪುವ ಹೊತ್ತಿಗೆ ಗಂಡುಮಗು ಹುಟ್ಟಿ, ಹೊಕ್ಕುಳಬಳ್ಳಿ ಕತ್ತರಿಸಿಯೂ ಆಗಿತ್ತು.

"ನೀವು ಬರಾಕೆ ತಡ ಆತು ನರ್ಸಮ್ಮ, ನಾನೇ ಮುಗಿಸ್ದೆ. ಹತ್ತು ಸಾರಿ ಹೇಳೀನಿ, ಒಂದಕ್ಷರ ತಪ್ಪಿಲ್ಲ" ಅಂದಳು ಅಜ್ಜಿ.

ಒಲೆಯ ಮೇಲೆ ಸ್ನಾನದ ನೀರು ಮರಳುತ್ತಿತ್ತು. ಕತ್ತರಿ ಮಾತ್ರ ಅಜ್ಜಿಯ ಎಲೆಅಡಿಕೆ ಚೀಲದ ಪಕ್ಕದಲ್ಲಿತ್ತು.

"ಕತ್ತರಿ ಕುದಿಸಿದ್ಯೇನಜ್ಜಿ?"

"ಯಾಕೆ? ಮುಂದಿಟ್ಕಂಡು ಹೇಳ್ದೆ. ನೀರು ಕುದ್ರೇನೇ ಕಿವಿ ಕೇಳ್ತಾವಾ ನಿಮ್ಮ ಸ್ವಾಮಿಗೆ?"

ಮನೆಯವರೆಲ್ಲ ನಕ್ಕರು. ಅಕ್ಕ ಕೈ ತೊಳೆದುಕೊಂಡು ಮಗುವಿನ ಹೊಕ್ಕುಳಿಗೆ ಔಷಧಿ ಹಚ್ಚಿ ಹೊಸ ಬಟ್ಟೆ ಕಟ್ಟಿದಳು. ಅಂಗಳಕ್ಕೆ ಬಂದ ಮೇಲೆ ನನಗೆ ಮೆಲ್ಲಗೆ ಹೇಳಿದಳು: "ಆ ಕತ್ತರಿ ನಂಜಿಂದ ಧನುರ್ವಾಯು ಬಂದ್ರೆ ದವಡೆ ಬಿಗಿದು ಕೂಸು ಮೊಲೆ ಹಿಡಿಯಲ್ಲ ಕಣೆ. ಉಳಿಯೋದೂ ಇಲ್ಲ. ಅಜ್ಜಿ ತಪ್ಪಲ್ಲ, ನಂದು. ಯಾಕೆ ಕುದಿಸ್ತೀನಿ ಅಂತ ಒಂದಿನಾನೂ ಹೇಳ್ಲಿಲ್ಲ."

ಅವಳು ರಜೆಗೆ ಹೇಳಿಕಳಿಸಿ ಅಲ್ಲೇ ಉಳಿದಳು. ಜಗುಲಿಯ ಮೇಲೆ ನಮಗೆ ಜಾಗ, ಬೇರೆ ತಟ್ಟೆ, ಬೇರೆ ಲೋಟ. ಬೆಳಗಾದರೆ ಅವಳದು ಒಂದೇ ಪ್ರಶ್ನೆ: "ಕೂಸು ಮೊಲೆ ಹಿಡೀತಾ?"

"ಹಿಡಿದದ್ದು ಬಿಡ್ತಾನೇ ಇಲ್ಲ ನರ್ಸಮ್ಮ, ಥೇಟ್ ಅವರಪ್ಪ!" ಎಂದು ಬಾಣಂತಿಯ ಅತ್ತೆ ಒಳಗಿನಿಂದ ಕೂಗುತ್ತಿದ್ದಳು.

ಆರನೆಯ ದಿನ ಆ ಕೂಗು ಬರಲಿಲ್ಲ. ಮಗು ಅಳುತ್ತಿತ್ತು, ಮೊಲೆಗೆ ಹಚ್ಚಿದರೆ ಮುಖ ತಿರುಗಿಸುತ್ತಿತ್ತು. ಅಕ್ಕ ತೊಳೆದ ಬೆರಳನ್ನು ಅದರ ಬಾಯಿಗಿಟ್ಟಳು. ದವಡೆ ಸಡಿಲವಾಗಿತ್ತು. ಮೂಗು ಕಟ್ಟಿತ್ತು, ಅಷ್ಟೇ. ಬಟ್ಟೆಯ ಬತ್ತಿಯಿಂದ ಮೂಗು ಬಿಡಿಸಿದ ಮೇಲೆ ಮಗು ಗಟಗಟ ಕುಡಿಯಿತು. ಅಕ್ಕ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಇನ್ನೂ ನಾಲ್ಕು ದಿನ ಕಾದು, ಹೊರಡುವ ಮುಂಚೆ ಅವಳು ಅಜ್ಜಿಯನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಕಣ್ಣಿಗೆ ಕಾಣದ ನಂಜು ಕಬ್ಬಿಣದಲ್ಲಿ ಇರುತ್ತದೆ, ಕುದಿಸಿದರೆ ಸಾಯುತ್ತದೆ ಎಂದು ತಿಳಿಸಿ ಹೇಳಿದಳು. "ಪಕ್ಕದ ಒಲೆ ಮೇಲೆ ಬೇಳೆ ಇಡಜ್ಜಿ. ಬೇಳೆ ಬೇಯೋತನಕ ಕತ್ತರೀನೂ ಕುದೀಲಿ."

"ಕತ್ತರಿ ಸಾರು ಮಾಡಾಕೆ ಹೇಳ್ತೀರೇನ್ರೀ! ಹಂಗಾದ್ರೆ ನಿಮ್ಮ ಸ್ವಾಮಿ ಮಾತು ಬಿಡಬೇಕಾ?"

"ಬಿಡಬ್ಯಾಡ. ಬೆಂಕಿ ಹಚ್ಚಿ ಆಮೇಲೆ ಹೇಳು."

ಕೇಳಿದವರು ಮತ್ತೆ ಮಾತನ್ನಷ್ಟೇ ಕಲಿತಾರೆಂದು ಅಂದಿನಿಂದ ಅಕ್ಕ ಒಲೆಯ ಮುಂದೆ ಗಟ್ಟಿಯಾಗಿ ಪ್ರಾರ್ಥಿಸಲಿಲ್ಲ. ದಾರಿಯಲ್ಲಿ ಗಾಡಿಯೊಳಗೇ ಮುಗಿಸಿಕೊಳ್ಳುತ್ತಿದ್ದಳು. ಅದು ಅವಳಿಗೆ ಎಷ್ಟು ಪ್ರಿಯವಾಗಿತ್ತೆಂದು ನನಗೆ ಗೊತ್ತಿತ್ತು.

ಮೂರು ತಿಂಗಳ ಹಿಂದೆ, ಅವಳ ಮೈ ತೊಳೆಯಲು ನೀರು ಕಾಯಿಸಬೇಕಾಯಿತು. ನಾನು ಬೆಂಕಿ ಹಚ್ಚಿದೆ. ನೀರು ಕಾಯುವವರೆಗೂ ಅಲ್ಲೇ ನಿಂತು, ಅವಳ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿದೆ.