ಕ್ರೇನಿನವನ ಹೊಟ್ಟೆ

ನೆಲದಿಂದ ನೂರೆಂಬತ್ತು ಅಡಿ ಮೇಲೆ, ಒಬ್ಬನೇ ಕೂರುವಷ್ಟು ಗಾಜಿನ ಗೂಡು. ಹನ್ನೊಂದು ವರ್ಷದಿಂದ ಕ್ರೇನಿನವನ ದುಡಿಮೆ ಅಲ್ಲೇ. ಏಣಿ ಇಳಿಯಲು ಹನ್ನೆರಡು ನಿಮಿಷ ಬೇಕು. ಈಗ ಆ ಹನ್ನೆರಡು ನಿಮಿಷ ನೆನೆಸಿಕೊಂಡರೇ ಅವನ ಜೀವ ಬಾಯಿಗೆ ಬರುತ್ತಿತ್ತು.

ಶುರುವಾದದ್ದು ಬೇಸಿಗೆಯಲ್ಲಿ. ಕುಡಿಯುವ ನೀರು ಮುಗಿದ ದಿನ, ಮಹಾರಾಯ ಸಿಮೆಂಟು ಕಲಸುವ ಡ್ರಮ್ಮಿನ ನೀರನ್ನೇ ಬಾಟಲಿಗೆ ತುಂಬಿಕೊಂಡು ಮೇಲೆ ಹತ್ತಿದ. ಬುದ್ಧಿಗೆ ಮಂಕು ಕವಿದಿತ್ತು, ಇನ್ನೇನು! ಒಂದು ವಾರ ಜ್ವರ, ಭೇದಿ. ತಿಳಿದರೆ ಕಂಪನಿಯ ವೈದ್ಯೆ ಕ್ರೇನ್ ಹತ್ತಲು ಬಿಡುವುದಿಲ್ಲವೆಂದು, ನೆಂಟರ ಮನೆಗೆ ಹೋಗಿದ್ದೆ ಎಂದು ಸುಳ್ಳು ಹೇಳಿದ.

ಜ್ವರ ಬಿಟ್ಟಿತು, ಹೊಟ್ಟೆ ಬಿಡಲಿಲ್ಲ. ಐದು ತಿಂಗಳಾದರೂ ತಿಂದದ್ದೇ ತಡ, ಹೊಟ್ಟೆ ನುಲಿತ, ಕಕ್ಕಸಿಗೆ ಓಟ. ಅಪ್ಪ ಸತ್ತದ್ದು ಕರುಳಿನ ಕ್ಯಾನ್ಸರಿನಿಂದ. ಅವರಿಗೂ ಹೀಗೇ ಶುರುವಾಗಿತ್ತು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಏನೂ ತಿನ್ನದೆ, ತೊಟ್ಟು ನೀರೂ ಕುಡಿಯದೆ ಏಣಿ ಹತ್ತತೊಡಗಿದ.

ಒಂದು ಮಧ್ಯಾಹ್ನ ಎರಡು ಟನ್ನಿನ ತೊಲೆ ಇಳಿಸುವಾಗ ಹೊಟ್ಟೆ ಕಿವುಚಿ ಕಣ್ಣು ಕತ್ತಲಾಯಿತು. ಎಚ್ಚರವಾದಾಗ ತೊಲೆ ಗಾಳಿಯಲ್ಲಿ ತೂಗುತ್ತಿತ್ತು. ಹಿಡಿಕೆಯಿಂದ ಕೈ ಜಾರಿದ್ದಕ್ಕೆ ಕ್ರೇನ್ ತಾನೇ ನಿಂತಿತ್ತು. ಕೈ ಜಾರದೆ ಹಿಡಿಕೆಯ ಮೇಲೇ ಬಿದ್ದಿದ್ದರೆ? ತೊಲೆಯ ನೇರ ಕೆಳಗೆ, ಸನ್ನೆ ತೋರಿಸುವ ಕೆಲಸದ ಬಾಮೈದ ನಿಂತಿದ್ದ. "ಏನ್ ಭಾವ, ನಿದ್ದೆ ಹೊಡೀತಿದ್ಯಾ?" ಎಂದು ವಾಕಿಟಾಕಿಯಲ್ಲಿ ನಗುತ್ತಿದ್ದ.

ಮರುದಿನವೇ ರಜೆ ಹಾಕಿ ವೈದ್ಯೆಯ ಮುಂದೆ ಕುಳಿತ. ಹೊಟ್ಟೆಯ ವಿಷಯ ಹೇಳಿ, ಕಣ್ಣು ಕತ್ತಲಾದದ್ದನ್ನು ನುಂಗಿಕೊಂಡ. ಪರೀಕ್ಷೆಗಳಾದವು. ವರದಿ ಬಂದ ದಿನ ಬಾಮೈದನೂ ಜೊತೆಗೆ ಬಂದ.

"ಕ್ಯಾನ್ಸರ್ ಅಲ್ಲ," ಎಂದರು ವೈದ್ಯೆ. "ಇದಕ್ಕೆ ಮುಂಚೆ ಜೋರಾಗಿ ಭೇದಿ ಆಗಿತ್ತಾ?"

ಡ್ರಮ್ಮಿನ ನೀರಿನ ಕಥೆ ಆಗ ಹೊರಬಿತ್ತು.

"ಅದೇ ನೋಡಿ. ಸೋಂಕು ಹೋದ್ಮೇಲೂ ಕೆಲವರಿಗೆ ಕರುಳು ಹೀಗೆ ಕೆರಳಿಕೊಂಡೇ ಇರುತ್ತೆ. ತಿಂಗಳುಗಟ್ಟಲೆ, ಕೆಲವ್ರಿಗೆ ವರ್ಷಗಟ್ಟಲೆ. ಔಷಧಿ ಕೊಡ್ತೀನಿ. ಜೀವಕ್ಕೆ ಅಪಾಯ ಇಲ್ಲ." ಕ್ರೇನ್ ಹತ್ತುವ ಅನುಮತಿ ಪತ್ರ ಎಳೆದುಕೊಂಡು ಪೆನ್ನು ತೆಗೆದರು.

ಬಾಮೈದ ಅವನ ಬೆನ್ನಿಗೆ ಗುದ್ದಿದ. "ಇಷ್ಟಕ್ಕೇ ಹರಳೆಣ್ಣೆ ಕುಡಿದೋರ ಥರ ಮುಖ ಮಾಡ್ಕೊಂಡಿದ್ಯಲ್ಲ ಭಾವ! ಜೀವಕ್ಕೇನೂ ಅಪಾಯ ಇಲ್ವಂತೆ!"

"ನನ್ ಜೀವಕ್ಕೆ ಇಲ್ಲ," ಎಂದ ಅವನು. "ಅವತ್ತು ತೊಲೆ ನಿನ್ ತಲೆ ಮೇಲಿತ್ತಲ್ಲ, ಆಗ ನನಗೆ ಎಚ್ಚರ ಇರಲಿಲ್ಲ ಕಣೋ."

ಬಾಮೈದನ ಕೈ ಅವನ ಬೆನ್ನ ಮೇಲೇ ಉಳಿಯಿತು. ವೈದ್ಯೆ ಪತ್ರವನ್ನು ಸಹಿಯಿಲ್ಲದೆ ಪಕ್ಕಕ್ಕಿಟ್ಟರು. ಕ್ರೇನಿನವನು ಅದನ್ನು ಕೊಡಿ ಎಂದು ಕೇಳಲೂ ಇಲ್ಲ.