ಚಂಡಮಾರುತದ ದಿನ ಬೋಂಡಾ

ಬೆಂಗಳೂರಿನವರು ಹವೆಯನ್ನು ಹೊಗಳುವುದನ್ನು ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಕಾರ್ತಿಕ ಮಾಸದ ಹವೆ. ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಸಣ್ಣಗೆ ಜಿನುಗುತ್ತಲೇ ಇರುತ್ತದೆ, ಒಗೆದ ಬಟ್ಟೆ ನಡುಮನೆಯ ಹಗ್ಗದ ಮೇಲೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಜನ ಮಂಕಿ ಕ್ಯಾಪು ಹೊರಗೆ ತೆಗೆದು "ಏನ್ ಕ್ಲೈಮೇಟ್ ಸಾರ್, ಊಟಿ ಇದ್ದ ಹಾಗಿದೆ" ಎನ್ನುತ್ತಾರೆ. ಮನೆಮನೆಯಲ್ಲೂ ಎಣ್ಣೆ ಬಾಣಲೆ ಒಲೆ ಏರುತ್ತದೆ. ಆ ಮಳೆ ಎಲ್ಲಿಂದ ಬಂತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು, ಅದರ ಸೆರಗು ನಮ್ಮ ಊರಿಗೆ ತಾಗಿದಾಗ ಬರುವ ಮಳೆ ಅದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನನ್ನ ಗಂಡ ಆ ಇಲಿಗಳಲ್ಲಿ ಒಬ್ಬರು. ಸರಕು ಹಡಗಿನಲ್ಲಿ ಎಂಜಿನಿಯರ್. ತೊಂಬತ್ತರ ದಶಕದಲ್ಲಿ ನಾವು ಚಾಮರಾಜಪೇಟೆಯಲ್ಲಿ ಅತ್ತೆ ಮಾವನ ಜೊತೆ ಇದ್ದೆವು. ಇದ್ದೆವು ಎಂದರೆ ನಾನಿದ್ದೆ, ಅವರು ವರ್ಷದ ಬಹುಪಾಲು ನೀರಿನ ಮೇಲೆ. ಮಾವ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಆ ಮನೆತನದಲ್ಲಿ ಸಮುದ್ರ ಕಂಡವರೆಂದರೆ ರಾಮೇಶ್ವರಕ್ಕೆ ಹೋಗಿ ಮುಳುಗು ಹಾಕಿ ಬಂದವರು, ಅಷ್ಟೇ.

ನಾನು ಹಾಗಲ್ಲ. ಹಡಗಿನ ಅಧಿಕಾರಿಗಳ ಹೆಂಡತಿಯರು ಜೊತೆಗೆ ಹೋಗಲು ಅವಕಾಶವಿತ್ತು. ಮದುವೆಯಾದ ಮರುವರ್ಷ ನಾನೂ ಹೋಗಿ ಕೆಲವು ತಿಂಗಳು ಹಡಗಿನಲ್ಲೇ ಇದ್ದೆ. ಒಂದು ದಿನ ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿಯೂ ಇರಲಿಲ್ಲ. ಆದರೂ ಹಡಗು ನಿಧಾನವಾಗಿ ತೂಗತೊಡಗಿತು. ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಬಿರುಗಾಳಿಗಿಂತ ಮೊದಲೇ ಬಂದು ಮುಟ್ಟುತ್ತವೆ ಎಂದು ಅವತ್ತು ತಿಳಿಯಿತು. ಮರುದಿನ ಬಿರುಗಾಳಿಯೂ ಬಂತು. ತಟ್ಟೆಗಳು ಜಾರದಿರಲೆಂದು ಊಟದ ಮೇಜಿನ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಹಾಸಿದರು. ಹಡಗಿನ ಹಿಂಭಾಗ ಅಲೆಯ ಮೇಲೆದ್ದು ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದಾಗಲೆಲ್ಲ ಎಂಜಿನ್ ಕಿರುಚುತ್ತಿತ್ತು, ಮತ್ತೆ ನೀರಿಗೆ ಬಿದ್ದಾಗ ಇಡೀ ಹಡಗು ನಡುಗುತ್ತಿತ್ತು. ನನ್ನ ಗಂಡ ಆ ಎಂಜಿನ್ನಿನ ಪಕ್ಕದಲ್ಲೇ, ಅಲೆ ಕಣ್ಣಿಗೆ ಕಾಣದ ತಳದಲ್ಲಿ, ಕಂಬಿ ಹಿಡಿದು ನಿಂತಿರುತ್ತಿದ್ದರು. ನನಗೆ ಭಯವಾಯಿತು, ವಾಂತಿಯೂ ಆಯಿತು. ಆದರೆ ಏನಾಗುತ್ತಿದೆ ಎಂದು ಗೊತ್ತಿದ್ದರೆ ಭಯವನ್ನು ತಡೆದುಕೊಳ್ಳಬಹುದು ಎನ್ನುವುದನ್ನು ನಾನು ಕಲಿತದ್ದು ಅಲ್ಲೇ.

ಇಷ್ಟೆಲ್ಲ ಕಂಡು ಬಂದವಳನ್ನು ನಮ್ಮ ಮನೆಯಲ್ಲಿ ಹಾಲುಗಲ್ಲದ ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದರು. ಟೀವಿಯಲ್ಲಿ ಹವಾಮಾನದ ಚಿತ್ರ ಬಂದು ಕೊಲ್ಲಿಯ ಮೇಲೆ ಬಿಳಿ ಸುಳಿ ಕಾಣಿಸಿದರೆ ಸಾಕು, ಮಾವ ಎದ್ದು ಟೀವಿ ಆರಿಸುತ್ತಿದ್ದರು. "ಅದ್ರಲ್ಲೇನಿದೆ ಬಿಡಮ್ಮ, ದಿನಾ ಇದ್ದಿದ್ದೇ." ಅವೆನ್ಯೂ ರಸ್ತೆಯಲ್ಲಿ ಹಳೆಯ ಅಟ್ಲಾಸ್ ಒಂದನ್ನು ಕೊಂಡು ತಂದು ಹಡಗಿನ ದಾರಿ ನೋಡುತ್ತಾ ಕುಳಿತರೆ ಅತ್ತೆ, "ಅದನ್ನ ಮುಚ್ಚಿಟ್ಟು ಹುರುಳಿಕಾಯಿ ಹೆಚ್ಚಿಕೊಡು, ತಲೆ ಕೆಡಿಸ್ಕೋಬೇಡ" ಎನ್ನುತ್ತಿದ್ದರು. ಹುರುಳಿಕಾಯಿ ಹೆಚ್ಚಿದರೆ ಸಮುದ್ರ ಶಾಂತವಾಗುತ್ತದೆಯೇ?

ಒಂದು ವರ್ಷ ಕಾರ್ತಿಕದ ಕಡಲೆಕಾಯಿ ಪರಿಷೆ ಹತ್ತಿರವಿದ್ದಾಗ ನನ್ನ ಗಂಡನ ಹಡಗು ಸಿಂಗಾಪುರದಿಂದ ವಿಶಾಖಪಟ್ಟಣಕ್ಕೆ ಹೊರಟಿತ್ತು. ಬೆಂಗಳೂರಿನಲ್ಲಿ ಜಿನುಗು ಶುರುವಾಯಿತು. ಅವರು ಹೇಗಿದ್ದಾರೆ ಎನ್ನುವುದೊಂದು ನನಗೆ ತಿಳಿಯಬೇಕಿತ್ತು.

"ಕಂಪ್ನಿಯಿಂದ ಏನಾದ್ರೂ ಫೋನ್ ಬಂತಾ ಮಾವ?"

"ಇಲ್ವಲ್ಲಮ್ಮ. ಏನಾದ್ರೂ ಇದ್ರೆ ಅವ್ರೇ ಮಾಡ್ತಾರೆ" ಎಂದರು, ಪೇಪರಿನಿಂದ ತಲೆ ಎತ್ತದೆ.

ಆ ಸಂಜೆ ಅತ್ತೆ ಬೋಂಡಾ ಕರಿದರು. ತಾವೇ ತಟ್ಟೆ ತಂದು ನನ್ನ ಕೈಗಿಟ್ಟು, "ಬಿಸಿ ಇದೆ, ತಿನ್ನು. ಬೆಳಗ್ಗೆಯಿಂದ ಸರಿಯಾಗಿ ಊಟಾನೇ ಮಾಡಿಲ್ಲ" ಎಂದು ತಲೆ ಸವರಿದರು. ಮದುವೆಯಾಗಿ ಬಂದಮೇಲೆ ಅವರು ನನ್ನ ತಲೆ ಸವರಿದ್ದು ಅದೇ ಮೊದಲು. ಗಾಳಿಯಿಲ್ಲದೆ ಹಡಗು ತೂಗಿದರೆ ಏನರ್ಥ ಎಂದು ಬಲ್ಲವಳಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ.

ಮರುದಿನ ಬೆಳಗ್ಗೆ ಬಾಗಿಲಲ್ಲಿ ಹೂವು ಕೊಳ್ಳುತ್ತಿದ್ದಾಗ ಎದುರುಮನೆಯಾಕೆ ಛತ್ರಿ ಹಿಡಿದು ಬಂದರು.

"ಈಗ ಹೇಗಿದಾರಮ್ಮ ನಿಮ್ಮ ಯಜಮಾನ್ರು? ಕೈ ಮುರಿದಿದ್ದಷ್ಟೇ ತಾನೇ? ದೇವ್ರು ದೊಡ್ಡೋನು ಬಿಡಿ."

ನಾನು ಚೀರಲಿಲ್ಲ, ಬೀಳಲಿಲ್ಲ. ಒಳಗೆ ಬಂದು ಮಾವನ ಮುಂದೆ ನಿಂತು ಕೇಳಿದೆ. ಆಗ ಒಂದೊಂದಾಗಿ ಹೊರಗೆ ಬಂತು. ಕಂಪನಿಯ ಫೋನು ಹಿಂದಿನ ದಿನ ಬೆಳಗ್ಗೆಯೇ ಬಂದಿತ್ತು. ಬಿರುಗಾಳಿಯಲ್ಲಿ ನನ್ನ ಗಂಡ ಎಂಜಿನ್ ರೂಮಿನ ಕಬ್ಬಿಣದ ಮೆಟ್ಟಿಲಿನಿಂದ ಬಿದ್ದು ಕೈಮೂಳೆ ಮುರಿದಿತ್ತು, ಪಕ್ಕೆಗೂ ಪೆಟ್ಟಾಗಿತ್ತು. ಹಡಗು ಬಂದರು ಮುಟ್ಟುವ ತನಕ ಡಾಕ್ಟರೂ ಇಲ್ಲ. ಇದು ಮಾವನಿಗೆ ಗೊತ್ತಿತ್ತು. ಮಾವನ ವಾಕಿಂಗ್ ಗೆಳೆಯರಿಗೆ ಗೊತ್ತಿತ್ತು, ಅವರ ಹೆಂಡತಿಯರಿಗೆ ಗೊತ್ತಿತ್ತು. ಬಾಣಲೆಯ ಮುಂದೆ ನಿಂತು ಬೋಂಡಾ ತಿರುವಿ ಹಾಕುತ್ತಿದ್ದ ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಹೆಂಡತಿ ಒಬ್ಬಳೇ.

"ನಿನ್ನ ಒಳ್ಳೇದಕ್ಕೇ ಕಣಮ್ಮ" ಎಂದರು ಮಾವ.

ನನ್ನ ಒಳ್ಳೆಯದು! ನನ್ನನ್ನೊಬ್ಬಳನ್ನು ಬಿಟ್ಟು ಬೀದಿಯವರೆಲ್ಲ ಸೇರಿ ತೀರ್ಮಾನಿಸಿದ ಒಳ್ಳೆಯದು. ನನ್ನ ಗಂಡ ನೋವಿನಲ್ಲಿ ಹೊರಳುತ್ತಿದ್ದ ಹೊತ್ತಿನಲ್ಲಿ ನಾನು ಚಟ್ನಿ ಇನ್ನೂ ಸ್ವಲ್ಪ ಬೇಕು ಎಂದಿದ್ದೆ. ಅದು ನಾನು ಮಾಡಿದ ತಪ್ಪಲ್ಲ, ನನ್ನಿಂದ ಮಾಡಿಸಿದ್ದು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವರು ಮನೆಗೆ ಬಂದರು. ಮಲ್ಲೇಶ್ವರದಿಂದ, ಬಸವನಗುಡಿಯಿಂದ ನೆಂಟರು ನೋಡಲು ಬಂದರು. ಮಾವನ ತಮ್ಮ ಎಲ್ಲರ ಮುಂದೆ, "ಇಂಥಾ ಅತ್ತೆ ಮಾವ ಸಿಗಕ್ಕೆ ಪುಣ್ಯ ಮಾಡಿರ್ಬೇಕು ಕಣಮ್ಮ. ನಿಂಗೊಂದು ಸುಳಿವೂ ಕೊಡ್ದೆ ತಾವೇ ನುಂಗ್ಕೊಂಡ್ರು ನೋಡು" ಎಂದರು. ನಾನು ಕಾಫಿ ಹಂಚುತ್ತಿದ್ದೆ. ಅವರ ಲೋಟವನ್ನು ಕುಕ್ಕಿಯೇ ಇಟ್ಟೆ.

ಎಲ್ಲರೂ ಹೋದಮೇಲೆ ರೂಮಿನಲ್ಲಿ ನನ್ನ ಗಂಡನನ್ನು ಕೇಳಿದೆ. "ನಿಮ್ಮಪ್ಪ ಹೀಗ್ಮಾಡಿದ್ದು ಸರೀನಾ? ನೀವೇ ಹೇಳಿ."

ಅವರು ಗೋಡೆ ನೋಡಿದರು. "ಅಪ್ಪನ್ನ ಬೈಬೇಡ್ವೇ. ಕಂಪ್ನಿಯವ್ರಿಗೆ ನಾನೇ ಹೇಳ್ಸಿದ್ದೆ. ಅಪ್ಪಂಗೆ ಮಾತ್ರ ತಿಳ್ಸಿ, ಅವಳಿಗೆ ಬೇಡ ಅಂತ. ನೀನು ಗಾಬರಿ ಆಗ್ತೀಯಲ್ಲಾ..."

ಅಲ್ಲಿಯವರೆಗೆ ಒಬ್ಬೊಬ್ಬರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಒಂದೇ ಕಡೆ ತಿರುಗಿತು. ಮಾವ ಸಮುದ್ರ ಕಾಣದವರು, ಅವರಿಗೆ ನಾನು ಎಂಥವಳೆಂದು ಗೊತ್ತಿಲ್ಲದಿರಬಹುದು. ಇವರಿಗೆ ಗೊತ್ತಿತ್ತು. ಅದೇ ನೀರಿನ ಮೇಲೆ, ಅದೇ ಗಾಳಿಯಲ್ಲಿ ಇವರ ಜೊತೆಗಿದ್ದವಳು ನಾನು.

"ಕೈ ಮುರಿದಿದ್ದಕ್ಕೇ ಅವಳಿಗೆ ಹೇಳ್ಬೇಡಿ ಅಂದ್ರಿ. ನಾಳೆ ಆ ನೀರಲ್ಲಿ ನೀವೇ ಹೋಗ್ಬಿಟ್ರೆ? ಊರಿಗೆಲ್ಲ ಗೊತ್ತಿರುತ್ತೆ, ನನಗಿರಲ್ಲ. ನಾನು ಹೂವು ಮುಡ್ಕೊಂಡು, ಕುಂಕುಮ ಇಟ್ಕೊಂಡು ಅವರ ಮುಂದೆ ಎಷ್ಟು ದಿನ ಓಡಾಡ್ಲಿ? ಅದನ್ನೂ ಈಗ್ಲೇ ಹೇಳ್ಬಿಡಿ."

ಅತ್ತೆ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಎಂಥಾ ಮಾತಾಡ್ತೀಯೇ! ಬಿಡ್ತು ಅನ್ನು! ಬಿಡ್ತು ಅನ್ನು!"

"ಬಿಡ್ತು ಅಂದ್ಬಿಡೇ" ಎಂದರು ನನ್ನ ಗಂಡನೂ, ಸಣ್ಣ ದನಿಯಲ್ಲಿ.

ಆ ಮನೆಗೆ ಬಂದಮೇಲೆ ಅನ್ನು ಎಂದದ್ದನ್ನೆಲ್ಲ ಅಂದಿದ್ದೆ. ಅದನ್ನು ಅನ್ನಲಿಲ್ಲ.