ದಪ್ಪ ತಂತಿಯ ದನಿಗೆ ಕಾದವಳು

ಒಂದೂರಿನ ಒಂದು ಓಣಿಯಲ್ಲಿ, ಬೀದಿದೀಪ ಇನ್ನೂ ಆರದ ಹೊತ್ತಿಗೆ ಒಂದು ಕಿಟಕಿ ತೆರೆಯುತ್ತದಂತೆ. ಒಳಗೊಬ್ಬಾಕೆ ಗಿಟಾರುಗಳನ್ನು ಎಳೆಮಕ್ಕಳ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು, ಸವೆದ ತಂತಿ, ಸಡಿಲಾದ ಬಿರಡೆ, ಸೀಳು ಬಿಟ್ಟ ಮರ ಎಲ್ಲವನ್ನೂ ಸರಿ ಮಾಡುತ್ತಾಳಂತೆ. ಕಥೆಯ ಹಾಗೆ ಕೇಳಿಸಿದರೂ ಆಕೆ ನಿಜಕ್ಕೂ ಇದ್ದಾಳೆ. ವಾದ್ಯದವರ ಬಾಯಲ್ಲಿ ‘ತಂತಿ ಅಕ್ಕ’. ಚಪ್ಪಾಳೆ ಬೀಳುವಾಗ ಯಾರಿಗೂ ಆಕೆಯ ನೆನಪಾಗುವುದಿಲ್ಲ. ಹಾಡಿನ ನಡುವೆ ತಂತಿ ಕಡಿದಾಗ ಆಗುತ್ತದೆ.

ಇವತ್ತು ಮಡಿಲಲ್ಲಿರುವುದು ಗಂಡನ ಬೇಸ್ ಗಿಟಾರು. ನಾಲ್ಕೇ ತಂತಿ, ನಾಲ್ಕೂ ದಪ್ಪ. ಹಾಡಿಗೆ ನೆಲ ಹಾಸಿಕೊಡುವ ವಾದ್ಯ. ಆಕೆ ಕೆಲಸ ಕಲಿತದ್ದೂ ಇದರ ಮೇಲೆಯೇ. ಮದುವೆಯಾದ ಹೊಸತರಲ್ಲಿ ಆತ ಪಕ್ಕದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳಂತೆ. “ಆ ಸದ್ದು ಕಿವಿಗಿಂತ ಮುಂಚೆ ಬೆನ್ನಿಗೆ ಕೇಳ್ಸೋದು,” ಅನ್ನುತ್ತಾಳೆ. ಲಕ್ವ ಹೊಡೆದು ಆತನ ಎಡಗೈ ಸೋತ ಮೇಲೆ ಗೋಡೆ ಮೂಕವಾಗಿದೆ. ಆಕೆ ಈಗಲೂ ಒಮ್ಮೊಮ್ಮೆ ಸುಮ್ಮನೆ ಒರಗುತ್ತಾಳೆ.

ಮಾರಿಬಿಡು ಎಂದು ಗಂಡ ಹಟ ಹಿಡಿದಾಗ, ಆ ಕೈಗೆ ಒಗ್ಗುವ ತಂತಿ ಹುಡುಕಿ ಹಾಕಿಯೇ ತೀರುತ್ತೇನೆ ಎಂದು ಮಾತು ಕೊಟ್ಟವಳು ಈಕೆ. ಮೊದಲು ತೀರಾ ತೆಳ್ಳನೆಯವು ಬಂದವು. ಒತ್ತಲು ಸುಲಭ, ದನಿ ಮಾತ್ರ ತಗಡು ಬಡಿದಂತೆ. “ಇದೇನು, ಪಾತ್ರೆ ಅಂಗಡಿ ಇಟ್ಟಿದ್ದೀಯಾ?” ಎಂದು ಆತ ಕೆಳಗಿಟ್ಟ. ಆಮೇಲೆ ಚಪ್ಪಟೆ ಸುತ್ತಿನ ನುಣುಪು ತಂತಿ. ದನಿ ಹಳೆಯದೇ, ಬೆಚ್ಚಗೆ. ಆದರೆ ಆ ಬಿಗಿ ಆತನ ಬೆರಳಿಗೆ ಮೀರಿದ್ದು. ಸಾಲದ್ದಕ್ಕೆ ಆಕೆ ಒಂದು ತಂತಿಯನ್ನು ಬಿರಡೆಯ ಹತ್ತಿರ ಬಗ್ಗಿಸುವ ಮೊದಲೇ ಕತ್ತರಿಸಿಬಿಟ್ಟಿದ್ದಳು. ಸುತ್ತಿನೊಳಗಿನ ಎಳೆ ಜಾರಿ ತಂತಿ ಸತ್ತೇಹೋಯಿತು. “ಆಸೆ ಜಾಸ್ತಿಯಾದ್ರೆ ಕೈ ಮಾತು ಕೇಳಲ್ಲ,” ಎಂದು ನಗುತ್ತಾಳೆ.

ಈಗ ಬಂದಿರುವುದು ಉಕ್ಕಿನ ಮೇಲೆ ಕಪ್ಪು ನೈಲಾನ್ ಸುತ್ತಿದ, ಮೆತ್ತನೆಯ ಎಳೆತದ ತಂತಿ. ಇದೂ ಒಗ್ಗದಿದ್ದರೆ ಸಂಜೆ ಕೊಳ್ಳುವವನು ಬಂದು ವಾದ್ಯ ಒಯ್ಯುತ್ತಾನೆ. ಗಂಡಹೆಂಡಿರ ನಡುವೆ ಹಾಗೆಂದು ತೀರ್ಮಾನವಾಗಿದೆ.

ಬಗ್ಗಿಸಿ, ಆಮೇಲೆ ಕತ್ತರಿಸುತ್ತಾಳೆ. ಮೀಟಿದರೆ ತಂತಿ ಅಡಿಯ ಲೋಹದ ಮೆಟ್ಟುಗಳಿಗೆ ಬಡಿದು ಗರಗರ ಎನ್ನುತ್ತದೆ; ಎಳೆತ ತಗ್ಗಿದ್ದೇ ತಡ ಗಿಟಾರಿನ ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡಿದೆ. ಅದರೊಳಗಿನ ಸರಳನ್ನು ಕೂದಲೆಳೆಯಷ್ಟು ಸಡಿಲಿಸುತ್ತಾಳೆ, ಮೀಟುತ್ತಾಳೆ, ಮತ್ತೆ ಸಡಿಲಿಸುತ್ತಾಳೆ. ಗರಗರ ಅಡಗುತ್ತದೆ.

ವಾದ್ಯವನ್ನು ಗಂಡನ ತೊಡೆಯ ಮೇಲಿಟ್ಟು, ಕತ್ತರಿ ಒರೆಸುತ್ತ ನಿಲ್ಲುತ್ತಾಳೆ. ಆತ ಒತ್ತುತ್ತಾನೆ. ಬೆರಳು ಜಾರುತ್ತದೆ. ಮತ್ತೆ ಒತ್ತುತ್ತಾನೆ. ನೆಲದಡಿಯಿಂದ ಬಂದಂಥ ಒಂದು ಸ್ವರ ಕೋಣೆ ತುಂಬಾ ಹರಡಿ, ಬಹಳ ಹೊತ್ತು ನಿಲ್ಲುತ್ತದೆ.

ಆತ ಹುಬ್ಬು ಗಂಟಿಕ್ಕುತ್ತಾನೆ. “ದಪ್ಪದ್ದು ಇಳೀತಾ ಇದೆ ಕಣೇ.”

ಹೊಸ ತಂತಿ ಹಿಗ್ಗಿ ಶ್ರುತಿ ಇಳಿಯುವುದು ಸಹಜ. ಆಕೆ ಕೈ ಚಾಚಿದರೆ, ತಾನೇ ನೋಡಿಕೊಳ್ಳುತ್ತೇನೆ ಎಂದು ಎಡಗೈಯನ್ನು ನಿಧಾನಕ್ಕೆ ಬಿರಡೆಯವರೆಗೆ ಒಯ್ದು ತಿರುಗಿಸುತ್ತಾನೆ. ಶ್ರುತಿ ಕೂಡುತ್ತದೆ.

ಸಂಜೆ ಬರುವವನಿಗೆ ಏನು ಹೇಳಲಿ ಎಂದು ಆಕೆ ಕೇಳುತ್ತಾಳೆ.

ಆತ ತಲೆ ಎತ್ತುವುದಿಲ್ಲ. “ಅಭ್ಯಾಸಕ್ಕೆ ಕೂತಿದ್ದಾರೆ ಅನ್ನು.”